ಗಡಿಯುದ್ದಕ್ಕೂ ಎರಡು ನಡಿಗೆ

ಕೂಡುಕುಟುಂಬದಿಂದ ಒಬ್ಬ ಬೇರೆಯಾದರೆ ಪಾಲುಪಟ್ಟಿಯ ದಿನಕ್ಕೇ ಲೆಕ್ಕ ಮುಗಿಯುವುದಿಲ್ಲ. ಬಾವಿ ಯಾರದು, ಹಿತ್ತಲ ದಾರಿ ಯಾರದು ಎಂಬ ತಕರಾರು ಆಮೇಲೆ ಏಳುತ್ತದೆ. ಅದರ ಬಿಸಿ ಹೆಚ್ಚಾಗಿ ತಟ್ಟುವುದು ಪಾಲು ಕೇಳದೆ ಸುಮ್ಮನಿದ್ದವನಿಗೆ. ರಾಷ್ಟ್ರಗಳ ಒಕ್ಕೂಟದ ಮಾತೂ ಇದೇ. ೨೦೧೬ರ ಜೂನ್ ೨೩ರಂದು ನಡೆದ ಜನಮತದಲ್ಲಿ ಬ್ರಿಟನ್ ಶೇಕಡಾ ೫೧.೯ ಮತಗಳಿಂದ ಯುರೋಪಿಯನ್ ಒಕ್ಕೂಟವನ್ನು ಬಿಡಲು ನಿರ್ಧರಿಸಿತು. ನೆರೆಯ ಐರ್ಲೆಂಡ್ ಗಣರಾಜ್ಯವನ್ನು ಯಾರೂ ಕೇಳಲಿಲ್ಲ. ಬ್ರಿಟನ್ನಿಗೇ ಸೇರಿದ ಉತ್ತರ ಐರ್ಲೆಂಡಿನಲ್ಲಿ ಶೇಕಡಾ ೫೫.೮ ಮಂದಿ ಉಳಿಯೋಣವೆಂದರು. ಆದರೇನು? ಒಕ್ಕೂಟದ ಹೊಸ ಎಲ್ಲೆ ಬಂದು ಬಿದ್ದದ್ದು ಇವೆರಡರ ನಡುವಿನ ಸುಮಾರು ೫೦೦ ಕಿಲೋಮೀಟರ್ ಗಡಿಯ ಮೇಲೆ.

ಈ ವಿಷಯವಾಗಿ ಅಚ್ಚಾದ ರಾಜಕೀಯ ಗ್ರಂಥಗಳಿಗೆ ಲೆಕ್ಕವಿಲ್ಲ. ನೆರೆಯವನ ಪಾಡು ಏನೆಂದು ತಿಳಿಯಬೇಕಾದರೆ ಆ ಗಡಿಯನ್ನು ಕಾಲ್ನಡಿಗೆಯಲ್ಲಿ ಕಂಡ ಇಬ್ಬರು ಐರಿಷ್ ಲೇಖಕರ ಪುಸ್ತಕಗಳನ್ನು ಜೊತೆಯಲ್ಲಿಟ್ಟು ಓದಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ಕಾದಂಬರಿಕಾರ ಕಾಲಂ ಟೋಬೀನ್ ಅವರ ‘ಬ್ಯಾಡ್ ಬ್ಲಡ್’. ೧೯೮೬ರ ಬೇಸಿಗೆಯಲ್ಲಿ ಅವರು ಡೆರಿಯಿಂದ ನ್ಯೂರಿಯವರೆಗೆ ನಡೆದರು. ಪುಸ್ತಕ ಬೇರೆ ಹೆಸರಿನಲ್ಲಿ ೧೯೮೭ರಲ್ಲಿ ಪ್ರಕಟವಾಗಿ, ೧೯೯೪ರಲ್ಲಿ ಈ ಹೆಸರು ಪಡೆಯಿತು. ಅಂದಿನ ಗಡಿಯಲ್ಲಿ ಸೈನ್ಯದ ತಪಾಸಣೆ ಠಾಣೆಗಳು, ಸಂಚಾರ ತಡೆಯಲೆಂದು ಅಗೆದುಹಾಕಿದ ಹಳ್ಳಿದಾರಿಗಳು, ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಮನೆಗಳು. ಲೇಖಕರು ಎಲ್ಲಿಯೂ ದನಿಯೇರಿಸುವುದಿಲ್ಲ. ಎರಡೂ ಪಂಗಡದ ಮನೆಗಳಲ್ಲಿ ಕೂತು ಕೇಳುತ್ತಾರೆ, ಬರಿಗಾಲಿನ ಯಾತ್ರಿಕರೊಡನೆ ಲಾಕ್ ಡರ್ಗ್ ಕ್ಷೇತ್ರದಲ್ಲಿ ತಾವೂ ಉಪವಾಸವಿರುತ್ತಾರೆ, ಕಂಡದ್ದನ್ನು ಬರೆದು ಮುಂದೆ ನಡೆಯುತ್ತಾರೆ. ಈ ಸಂಯಮವೇ ಕೃತಿಯ ಶಕ್ತಿ. ಆದರೆ ಇತಿಹಾಸ ಬಲ್ಲವರಿಗೇ ಬರೆದಂತಿರುವುದರಿಂದ ದೂರದ ಓದುಗನಿಗೆ ಅಲ್ಲಲ್ಲಿ ದಾರಿ ತಪ್ಪುತ್ತದೆ.

ಎರಡನೆಯದು ಗ್ಯಾರೆಟ್ ಕಾರ್ ಅವರ ‘ದಿ ರೂಲ್ ಆಫ್ ದಿ ಲ್ಯಾಂಡ್’, ಜನಮತದ ಮರುವರ್ಷ ೨೦೧೭ರಲ್ಲಿ ಬಂದದ್ದು. ಎರಡು ಪುಸ್ತಕಗಳ ನಡುವೆ ಆ ಗಡಿಗೆ ಏನಾಯಿತೆಂಬುದನ್ನು ನೆನೆಯಬೇಕು. ಬ್ರಿಟನ್ ಮತ್ತು ಐರ್ಲೆಂಡ್ ೧೯೭೩ರಲ್ಲಿ ಒಂದೇ ದಿನ ಯುರೋಪಿಯನ್ ಸಮುದಾಯವನ್ನು ಸೇರಿದ್ದವು. ೧೯೨೩ರಿಂದ ನಿಂತಿದ್ದ ಸುಂಕದ ಕಟ್ಟೆಗಳು ೧೯೯೩ರ ಏಕ ಮಾರುಕಟ್ಟೆಯೊಂದಿಗೆ ಹೋದವು. ೧೯೯೮ರ ಶಾಂತಿ ಒಪ್ಪಂದದ ಬಳಿಕ ಸೈನ್ಯದ ಠಾಣೆಗಳೂ ಹೋದವು. ಕಾರ್ ಅವರು ನಡೆದದ್ದು, ಕೆಲವೆಡೆ ದೋಣಿಯಲ್ಲಿ ಸಾಗಿದ್ದು, ಹೀಗೆ ಕಣ್ಮರೆಯಾಗಿದ್ದ ಗೆರೆಯ ಮೇಲೆ. ಯಾವ ನಕ್ಷೆಯಲ್ಲೂ ಇಲ್ಲದ ಕಾಲುಸಂಕಗಳನ್ನು, ಹೊಲದಿಂದ ಹೊಲಕ್ಕೆ ಜನ ತಾವೇ ಮಾಡಿಕೊಂಡ ದಾರಿಗಳನ್ನು ಅವರು ಗುರುತುಹಾಕಿಕೊಳ್ಳುತ್ತಾರೆ. ಈ ಭಾಗ ಓದುವಾಗ ನಮಗೆ ಆ ಊರುಗಳವರ ಕೈ ಹಿಡಿದು ನಡೆದಂತೆಯೇ ಆಯಿತು.

ಆದರೆ ಒಂದು ಆಕ್ಷೇಪಣೆಯುಂಟು. ಕಾರ್ ಅವರಿಗೆ ಪುರಾತನ ಕೋಟೆ, ಮಣ್ಣಿನ ದಿಬ್ಬಗಳ ಮೇಲೆ ಮೋಹ ಹೆಚ್ಚು. ಅಲ್ಲಿ ಹಿಂದೆಯೂ ಎಲ್ಲೆಗಳಿದ್ದುವೆಂದು ತೋರಿಸುತ್ತಾ ಹೋದಂತೆ, ೧೯೨೧ರಲ್ಲಿ ಆಳುವವರು ಮಾಡಿದ ವಿಭಜನೆ ಬೆಟ್ಟ ಹೊಳೆಗಳಷ್ಟೇ ಸಹಜವಾದದ್ದೇನೋ ಎಂಬ ಭ್ರಮೆ ಹುಟ್ಟುತ್ತದೆ. ಟೋಬೀನ್ ಅವರ ಪುಸ್ತಕ ಪಕ್ಕದಲ್ಲಿದ್ದರೆ ಈ ಭ್ರಮೆ ನಿಲ್ಲುವುದಿಲ್ಲ. ಆ ಗೆರೆಗೆ ತೆತ್ತ ಬೆಲೆ ಅಲ್ಲಿ ಮನೆಮನೆಯ ಲೆಕ್ಕವಾಗಿ ಸಿಗುತ್ತದೆ.

ಇಬ್ಬರಲ್ಲೂ ಕಾಣದ ಇನ್ನೊಂದು ಲೆಕ್ಕವೂ ಉಂಟು. ಅದು ನಡೆದದ್ದು ಅವರ ನಡಿಗೆಗಳ ನಂತರ. ಬ್ರಿಟನ್ನಿನ ನಿರ್ಧಾರದಿಂದ ಪೌಂಡಿನ ಬೆಲೆ ಇಳಿದಾಗ, ಬ್ರಿಟನ್ನನ್ನೇ ಮಾರುಕಟ್ಟೆಯಾಗಿ ನಂಬಿದ್ದ ಐರ್ಲೆಂಡಿನ ಅಣಬೆ ಬೆಳೆಗಾರರಲ್ಲಿ ಕೆಲವರು ಬಾಗಿಲು ಹಾಕಿದರು. ಬ್ರಿಟನ್ ಇನ್ನೂ ಒಕ್ಕೂಟದೊಳಗೇ ಇತ್ತು; ಅದು ಹೊರಬಿದ್ದದ್ದು ೨೦೨೦ರ ಜನವರಿ ೩೧ರಂದು. ಬ್ರಿಟನ್ನಿನ ನೆಲದ ಮೇಲೆ ಹಾಯ್ದು ಯುರೋಪಿಗೆ ಹೋಗುತ್ತಿದ್ದ ಐರಿಷ್ ಲಾರಿಗಳಿಗಾಗಿ ೨೦೨೧ರಲ್ಲಿ ರಾಸ್‌ಲೇರ್ ಬಂದರಿನಿಂದ ಫ್ರಾನ್ಸಿನ ಡಂಕರ್ಕ್‌ಗೆ ಹೊಸ ಹಡಗು ಮಾರ್ಗ ತೆರೆಯಿತು. ಹಳೆಯ ಗಡಿಯಲ್ಲಿ ಮತ್ತೆ ಕಟ್ಟೆ ಏಳಬಾರದೆಂದು ತಪಾಸಣೆಯನ್ನು ಸಮುದ್ರತೀರದ ಬಂದರುಗಳಿಗೆ ಒಯ್ದರು. ಅದಕ್ಕೆ ಬ್ರಿಟನ್ ಪರ ಪಂಗಡ ಸಿಡಿದೆದ್ದಿತು. ೨೦೨೩ರ ವಿಂಡ್ಸರ್ ಒಪ್ಪಂದ ತಪಾಸಣೆಯನ್ನು ಸಡಿಲಿಸಿದರೂ, ೨೦೨೨ರಲ್ಲಿ ಕುಸಿದ ಉತ್ತರ ಐರ್ಲೆಂಡಿನ ಸರ್ಕಾರ ಮತ್ತೆ ನಡೆದದ್ದು ೨೦೨೪ರಲ್ಲಿ.

ನಮಗೆ ಇದರಲ್ಲೇನು ಎಂದು ವಾಚಕರು ಕೇಳಬಹುದು. ಗಣರಾಜ್ಯದ ಡೊನೆಗಾಲ್ ಜಿಲ್ಲೆಯ ಕ್ಯಾನ್ಸರ್ ರೋಗಿಗಳು ಗಡಿ ದಾಟಿ ಡೆರಿಯ ಆಸ್ಪತ್ರೆಗೆ ಹೋಗುತ್ತಾರೆ. ಕಾಸರಗೋಡಿನವರು ಮಂಗಳೂರಿಗೆ ಬರುವಂತೆಯೇ. ೨೦೨೦ರ ಮಾರ್ಚ್‌ನಲ್ಲಿ ಕೋವಿಡ್ ಭಯದಿಂದ ಕರ್ನಾಟಕ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಏನಾಯಿತೆಂದು ಬಲ್ಲೆವು. ಮಂಗಳೂರನ್ನೇ ನಂಬಿದ್ದ ರೋಗಿಗಳು ಆಚೆಯೇ ಉಳಿದರು. ಅವರಲ್ಲಿ ಕನ್ನಡ, ತುಳು ಮಾತಿನವರೂ ಇದ್ದರು. ವ್ಯಾಜ್ಯ ಕೇರಳದ ಉಚ್ಚ ನ್ಯಾಯಾಲಯಕ್ಕೂ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲ್‌ನಲ್ಲಿ ರೋಗಿಗಳನ್ನು ಬಿಡುವ ಕ್ರಮ ಗೊತ್ತಾಯಿತು. ಒಂದೇ ಒಕ್ಕೂಟದಲ್ಲಿದ್ದರೂ ನೆರೆಯವನು ನೆರೆಯವನಿಗೆ ಬಾಗಿಲು ಹಾಕಬಲ್ಲ. ಆದರೆ ಇಬ್ಬರೂ ಹೋಗಿ ನಿಲ್ಲಬೇಕಾದ ಒಂದು ಕಟ್ಟೆ ಅಲ್ಲಿರುತ್ತದೆ. ಒಕ್ಕೂಟ ಬಿಟ್ಟವನು ಆ ಕಟ್ಟೆಯನ್ನು ತಾನು ಮಾತ್ರ ಕಳೆದುಕೊಳ್ಳುವುದಿಲ್ಲ, ನೆರೆಯವನಿಗೂ ಕಳೆಯುತ್ತಾನೆ. ಡೊನೆಗಾಲಿನ ರೋಗಿಗೆ ಇಂದಿಗೂ ದಾರಿ ತೆರೆದಿದೆ, ನಿಜ. ಅದನ್ನು ಉಳಿಸಿಕೊಳ್ಳಲು ಎರಡು ಸರ್ಕಾರಗಳೂ ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಕಾರಂತರಿಂದ ಗೊರೂರರವರೆಗೆ ನಮ್ಮ ಪ್ರವಾಸ ಸಾಹಿತ್ಯ ಸಮೃದ್ಧವಾದದ್ದು. ಆದರೆ ತಲಪಾಡಿಯಿಂದ ಹೊರಟು ನಮ್ಮದೇ ನಾಡಿನ ಗಡಿಯುದ್ದಕ್ಕೂ ನಡೆದು, ಎರಡೂ ಕಡೆಯ ಜಗಲಿಗಳಲ್ಲಿ ಕೂತು ಕೇಳಿ ಬರೆದ ಇಂಥದೊಂದು ಕನ್ನಡ ಪುಸ್ತಕವನ್ನು ನಾವು ಓದಿಲ್ಲ. ನಮ್ಮ ತರುಣ ಲೇಖಕರಲ್ಲಿ ಯಾರಾದರೂ ಆ ಕೆಲಸಕ್ಕೆ ಹೊರಡುವುದಾದರೆ ಈ ಎರಡು ಪುಸ್ತಕಗಳನ್ನು ಚೀಲದಲ್ಲಿ ಇಟ್ಟುಕೊಳ್ಳಲಿ.