ಎಪ್ಪತ್ತನೇ ನಿಮಿಷದ ದಮ್ಮು

ಆಶ್ಲೆ ವೆಸ್ಟ್‌ವುಡ್ ಬೆಂಗಳೂರು ಎಫ್‌ಸಿ ಬಿಟ್ಟು ಹೋದದ್ದು 2016ರಲ್ಲಿ. ಆಮೇಲೆ ಆ ಜಾಗಕ್ಕೆ ಸ್ಪೇನಿನವರು ಬಂದರು, ಜರ್ಮನಿಯವರು ಬಂದರು, ಮತ್ತೊಬ್ಬ ಇಂಗ್ಲೆಂಡಿನವರು ಬಂದರು, ತಿರುಗಿ ಸ್ಪೇನಿನವರೇ ಬಂದರು. ಆದರೂ ರೋಣ, ನರಗುಂದ, ಗಜೇಂದ್ರಗಡದ ನಾವು ನಾಲ್ಕಾರು ಫುಟ್‌ಬಾಲ್ ಹುಚ್ಚಿನವರು ಕೂಡಿದಾಗ ವಾದ ಹತ್ತುವುದು ವೆಸ್ಟ್‌ವುಡ್ ಹೆಸರಿಗೇ. ಕಳೆದ ರವಿವಾರ ಗಜೇಂದ್ರಗಡದ ಗಿರ್ಮಿಟ್ಟಿನ ಅಂಗಡಿ ಮುಂದೆ ಅದೇ ಆಯಿತು. ಚಹಾ ಆರಿತು, ಮಾತು ಆರಲಿಲ್ಲ.

ಶುರು ಮಾಡಿದವರು ನರಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಗೆಳೆಯರು. "ಅಂವ ಹುಡುಗೂರನ್ನ ಬರೇ ಓಡಿಸಿದ್ರಿ. ರೊಕ್ಕ ಇತ್ತು, ಗೋಲು ಹೊಡ್ಯಾಕ ಛೆಟ್ರಿ ಇದ್ದ, ಕಪ್ ಬಂತು. ಆಟ ಕಲಿಸಿದಂವ ಆಮ್ಯಾಲೆ ಬಂದ ರೋಕಾ" ಎಂದರು. ಅದಕ್ಕೆ ಎದುರು ನಿಂತವನು ಗಜೇಂದ್ರಗಡದ ಮಗ್ಗದ ಮನೆಯ ಹುಡುಗ, ಪೊಲೀಸ್ ನೇಮಕಾತಿಗೆ ತಯಾರಿ ನಡೆಸಿದವನು. "ಓಡೂದಂದ್ರ ಸಣ್ಣ ಮಾತೇನ್ರಿ ಕಾಕಾ?" ಎಂದ. ರೋಣದ ನಿವೃತ್ತ ದೈಹಿಕ ಶಿಕ್ಷಕರು, ನಾವೆಲ್ಲ ಮಾಸ್ತರ ಎಂದು ಕರೆಯುವವರು, ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ಒಂದು ಮಾತು ಹೇಳಿದರು: "ಎಪ್ಪತ್ತನೇ ನಿಮಿಷ ಆದ ಮ್ಯಾಲೆ ಏನಾಕ್ಕಿತ್ತು, ಅದನ್ನ ನೋಡ್ರಿ." ಆ ಮಾತು ಹಿಡಿದುಕೊಂಡೇ ಈ ವಾರದ ಅಂಕಣ ಬರೆಯುತ್ತಿದ್ದೇನೆ.

ಮೊದಲು ದಾಖಲೆ. 2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ವೆಸ್ಟ್‌ವುಡ್ ಮೊದಲ ತರಬೇತುದಾರ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದು, ಇಂಗ್ಲೆಂಡಿನ ಕೆಳ ಹಂತದ ಕ್ಲಬ್ಬುಗಳಲ್ಲಿ ರಕ್ಷಣಾ ಆಟಗಾರನಾಗಿ ಬೆವರು ಸುರಿಸಿದವರು. ಇಲ್ಲಿಗೆ ಬಂದಾಗ ವಯಸ್ಸು ಇನ್ನೂ 36. ಮೊದಲ ವರ್ಷವೇ ಐ-ಲೀಗ್ ಗೆದ್ದರು. 2014ರ ಏಪ್ರಿಲ್ 21ರಂದು ಗೋವಾದ ಫಟೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಪಟ್ಟ ಖಚಿತ ಮಾಡಿಕೊಂಡರು. 2015ರ ಜನವರಿಯಲ್ಲಿ ಅದೇ ಡೆಂಪೊ ವಿರುದ್ಧ ಫೆಡರೇಷನ್ ಕಪ್. 2016ರಲ್ಲಿ ಮತ್ತೆ ಐ-ಲೀಗ್. ಮೂರು ಋತುವಿನಲ್ಲಿ ಎರಡು ಲೀಗ್, ಒಂದು ಕಪ್. ಉಳಿದ ಒಂದು ಲೀಗ್ ಕೈತಪ್ಪಿದ್ದು ಕಡೆಯ ಪಂದ್ಯದ ಕಡೆಯ ಗಳಿಗೆಯಲ್ಲಿ. ಆ ಕಥೆಗೆ ಆಮೇಲೆ ಬರುತ್ತೇನೆ.

ರೊಕ್ಕದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕ್ಲಬ್ಬು ಜೆಎಸ್‌ಡಬ್ಲ್ಯು ಸಂಸ್ಥೆಯದು. ಅದರ ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲು ನಮಗೇನು ದೂರದ ಸೀಮೆಯಲ್ಲ. ಆದರೆ ರೊಕ್ಕ ಸುರಿದ ಕ್ಲಬ್ಬುಗಳು ಈ ದೇಶದಲ್ಲಿ ಬೇರೆಯೂ ಇದ್ದವು. ಹೊಸ ತಂಡವೊಂದು ಹಳಬರ ನಡುವೆ ಬಂದು ಮೊದಲ ವರ್ಷವೇ ಲೀಗ್ ಗೆಲ್ಲಬೇಕಾದರೆ ರೊಕ್ಕದ ಜೊತೆ ಇನ್ನೊಂದು ಬೇಕು. ವೆಸ್ಟ್‌ವುಡ್ ತಂದದ್ದು ಆ ಇನ್ನೊಂದನ್ನು.

ನಮ್ಮ ಕಡೆ ಫಿಟ್‌ನೆಸ್ ಎಂಬ ಮಾತು ಬರುವ ಎಷ್ಟೋ ಮೊದಲೇ ಅದಕ್ಕೆ ದಮ್ಮು ಎಂಬ ಹೆಸರಿತ್ತು. ಗರಡಿಮನೆಗೆ ಬಂದ ಹೊಸ ಹುಡುಗನಿಗೆ ವಸ್ತಾದ ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಮೊದಲು ದಂಡ, ಬೈಠಕ್ಕು. ಅಖಾಡದ ಮಣ್ಣು ಅಗೆದು ಹದ ಮಾಡುವುದೂ ಅವನದೇ ಕೆಲಸ. ಏನು ಉಣ್ಣುತ್ತಾನೆ, ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂಬುದರ ಮೇಲೂ ವಸ್ತಾದನ ಕಣ್ಣು. ತಿಂಗಳುಗಟ್ಟಲೆ ಇದಾದ ಮೇಲೆ ಪಟ್ಟಿನ ಪಾಠ. ಯಾಕೆಂದರೆ ದಮ್ಮು ಕಳೆದುಕೊಂಡ ಪೈಲ್ವಾನನಿಗೆ ಕಲಿತ ಪಟ್ಟು ನೆನಪಿಗೆ ಬರುವುದಿಲ್ಲ. ನೆನಪಿಗೆ ಬಂದರೂ ಕೈ ಕೇಳುವುದಿಲ್ಲ. ಫುಟ್‌ಬಾಲಿನಲ್ಲೂ ಹೀಗೇ. ಎಂಬತ್ತನೇ ನಿಮಿಷದಲ್ಲಿ ತಪ್ಪು ಪಾಸು ಕೊಟ್ಟ ಆಟಗಾರನನ್ನು ನಾವು ದಡ್ಡ ಎನ್ನುತ್ತೇವೆ. ಬಹಳ ಸಲ ಅವನು ದಣಿದಿರುತ್ತಾನೆ, ಅಷ್ಟೇ. ದಣಿದ ಕಾಲಿಗಿಂತ ಮೊದಲು ದಣಿದ ತಲೆ ತಪ್ಪುತ್ತದೆ.

ಹುಡುಗ ಹೇಳಿದ ಓಟದ ವಿಷಯಕ್ಕೆ ಬರೋಣ. ಅವನಂಥ ಹತ್ತಾರು ಹುಡುಗರು ನಸುಕಿನಲ್ಲಿ ಎದ್ದು ಊರ ಹೊರಗಿನ ರಸ್ತೆಯಲ್ಲಿ ಓಡುವುದನ್ನು ನೀವೂ ನೋಡಿರುತ್ತೀರಿ. ಪೊಲೀಸ್ ಪೇದೆ ಆಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅದೂ ದಮ್ಮೇ, ಆದರೆ ಫುಟ್‌ಬಾಲಿನ ದಮ್ಮು ಬೇರೆ ಜಾತಿಯದು. ಪೇದೆಯ ಓಟ ಒಂದೇ ಲಯದ ಓಟ. ಮಧ್ಯಪಡೆಯ ಆಟಗಾರ 90 ನಿಮಿಷದಲ್ಲಿ ಹತ್ತು-ಹನ್ನೊಂದು ಕಿಲೋಮೀಟರ್ ಸಾಗುತ್ತಾನೆ; ಅದರಲ್ಲಿ ಬಹುಪಾಲು ನಡಿಗೆ, ಮೆಲ್ಲೋಟ. ಪಂದ್ಯವನ್ನು ತೀರ್ಮಾನಿಸುವುದು ನಡುನಡುವೆ ಸಿಡಿಯುವ ಹತ್ತಿಪ್ಪತ್ತು ಮೀಟರಿನ ಓಟ. ಅದು ಮುಗಿದ ಮೇಲೆ ಉಸಿರು ಎಷ್ಟು ಬೇಗ ತಹಬಂದಿಗೆ ಬಂದು ಇನ್ನೊಂದು ಓಟಕ್ಕೆ ಮೈ ಸಿದ್ಧವಾಗುತ್ತದೆ ಎಂಬುದೇ ಲೆಕ್ಕ. ಕ್ರಿಕೆಟ್‌ನಿಂದಾಗಿ ನಮಗೆಲ್ಲ ಗೊತ್ತಾಗಿರುವ ಯೋ-ಯೋ ಪರೀಕ್ಷೆ ಅಳೆಯುವುದು ಇದನ್ನೇ: 20 ಮೀಟರ್ ಹೋಗಿ ಬರಬೇಕು, ಹತ್ತು ಸೆಕೆಂಡು ಸುಧಾರಿಸಿಕೊಳ್ಳಬೇಕು, ಮತ್ತೆ ಓಡಬೇಕು, ವೇಗ ಏರುತ್ತಲೇ ಹೋಗುತ್ತದೆ. ಅದನ್ನು ರೂಪಿಸಿದ ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ಫುಟ್‌ಬಾಲಿನ ಮನುಷ್ಯ. ಗಜೇಂದ್ರಗಡದ ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ: ರಸ್ತೆಯ ಓಟದ ಜೊತೆ ಕಾಲಕಾಲೇಶ್ವರನ ಗುಡಿಯ ಮೆಟ್ಟಿಲನ್ನೂ ಹತ್ತು, ಏರುವಾಗ ಜೋರು, ಇಳಿಯುವಾಗ ಉಸಿರು.

ಮಾಸ್ತರು ಇಲ್ಲಿ ಭೀಮಸೇನ ಜೋಶಿಯವರನ್ನು ತಂದರು. ಜೋಶಿ ಮನೆತನ ರೋಣದ್ದು, ಹಾಗಾಗಿ ರೋಣದವರ ಮಾತಿನಲ್ಲಿ ಅವರು ಬರಲೇಬೇಕು. ಪಂಡಿತರು ಹರೆಯದಲ್ಲಿ ಫುಟ್‌ಬಾಲ್ ಆಡಿದವರು, ಒಳ್ಳೆಯ ಈಜುಗಾರರು, ಯೋಗ ಮಾಡುತ್ತಿದ್ದವರು. ಒಂದೇ ಉಸಿರಿನಲ್ಲಿ ಮೂರು ಸಪ್ತಕ ಸುತ್ತಿ ಬರುವ ಆ ತಾನಿನ ಹಿಂದೆ ಬರೀ ಗಂಟಲು ಇರಲಿಲ್ಲ, ಕಸರತ್ತಿನ ಮೈಯೂ ಇತ್ತು. "ರಾಗ ಗೊತ್ತಿದ್ದವರು ಭಾಳ ಮಂದಿ ಇದ್ದಾರ. ಬೆಳಗಿನ ತನಕ ಹಾಡೂ ದಮ್ಮು ಎಷ್ಟು ಮಂದಿಗೆ ಇತ್ತು?" ಎಂದು ಮಾಸ್ತರು ಕೇಳಿದಾಗ ನರಗುಂದದವರೂ ತಲೆದೂಗಿದರು.

ಇನ್ನು ನೋವಿನ ಕಥೆ. 2015ರ ಮೇ 31, ಕಂಠೀರವ ಕ್ರೀಡಾಂಗಣ. ಲೀಗಿನ ಕಡೆಯ ಪಂದ್ಯ, ಎದುರಾಳಿ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪಟ್ಟ ಬೆಂಗಳೂರಿನದು, ಸಮವಾದರೂ ಬಾಗಾನಿನದು. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ನರಗುಂದದವರು ಇದನ್ನೇ ಎತ್ತಿ ಆಡುತ್ತಾರೆ: ಅಷ್ಟು ದಮ್ಮಿನ ತಂಡ ಮೂರು ನಿಮಿಷ ಯಾಕೆ ತಡೆಯಲಿಲ್ಲ? ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಕಾರ್ನರಿನಲ್ಲಿ ಎದುರಾಳಿಯನ್ನು ಬಿಟ್ಟುಕೊಟ್ಟದ್ದು ಕಾವಲಿನ ತಪ್ಪು. ದಮ್ಮು ಎಲ್ಲ ತಪ್ಪನ್ನೂ ಕಾಯುವುದಿಲ್ಲ. ವೆಸ್ಟ್‌ವುಡ್ ಪರವಾಗಿ ಮಾತಾಡುವವರು ಈ ಗೋಲನ್ನು ಮುಚ್ಚಿಡಬಾರದು.

ರೋಕಾ ವಿಷಯಕ್ಕೆ ಬಂದರೆ ನರಗುಂದದ ಗೆಳೆಯರ ವಾದ ನಿಲ್ಲುವುದಿಲ್ಲ. 2016ರ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಫೈನಲ್ ಮುಟ್ಟಿತು. ಭಾರತದ ಯಾವ ಕ್ಲಬ್ಬೂ ಅದಕ್ಕೂ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಗುಂಪು ಹಂತವನ್ನೂ 16ರ ಘಟ್ಟವನ್ನೂ ದಾಟಿಸಿದ್ದು ವೆಸ್ಟ್‌ವುಡ್. ಅಲ್ಲಿಂದ ಆಲ್ಬರ್ಟ್ ರೋಕಾ ಕೈಗೆ ತಂಡ ಬಂತು. ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ 3-1ರಿಂದ ಸೋಲಿಸಿದ ಆಟ ನನ್ನ ಕಣ್ಣಲ್ಲಿ ಇನ್ನೂ ಇದೆ. ಚೆಂಡನ್ನು ನೆಲದಲ್ಲೇ ಆಡಿಸುವ ಅಂದ ರೋಕಾ ಕಲಿಸಿದ್ದು ನಿಜ. ಆದರೆ ಹೊಸ ತರಬೇತುದಾರ ಬಂದ ಕೆಲವೇ ತಿಂಗಳಲ್ಲಿ ಹಾಗೆ ಆಡಲು ತಂಡಕ್ಕೆ ಸಿದ್ಧವಾದ ಮೈ ಬೇಕಿತ್ತಲ್ಲ? ಅದನ್ನು ಮೂರು ವರ್ಷ ಕಟ್ಟಿದವರು ಯಾರು? ಇನ್ನೂ ಒಂದು ಮಾತು. "ಓಡಿಸುವವನು ವೆಸ್ಟ್‌ವುಡ್, ಆಡಿಸುವವನು ರೋಕಾ" ಎನ್ನುವವರು ನೆನಪಿಡಬೇಕು: 2020ರಲ್ಲಿ ಬಾರ್ಸಿಲೋನಾ ಕ್ಲಬ್ಬು ರೊನಾಲ್ಡ್ ಕೂಮನ್ ಬಳಗಕ್ಕೆ ಇದೇ ರೋಕಾರನ್ನು ಕರೆದದ್ದು ಆಟಗಾರರ ಫಿಟ್‌ನೆಸ್ ನೋಡಿಕೊಳ್ಳಲು. ಅಂದದ ಆಟದ ತವರಿನಲ್ಲೂ ಮೈ ಕಾಯಲು ಆ ಮನುಷ್ಯನೇ ಬೇಕಾಯಿತು.

ಎದುರು ಸಾಕ್ಷಿ ಒಂದಿದೆ, ಅದನ್ನೂ ಹೇಳಬೇಕು. 2018ರ ಜನವರಿಯಲ್ಲಿ ತರಬೇತುದಾರ ಟೆಡ್ಡಿ ಶೆರಿಂಗ್‌ಹ್ಯಾಮ್ ಹೋದ ಮೇಲೆ ಕೋಲ್ಕತ್ತದ ಎಟಿಕೆ ತಂಡವನ್ನು ವೆಸ್ಟ್‌ವುಡ್ ಹಂಗಾಮಿಯಾಗಿ ನಡೆಸಿದರು. ತಂಡ ಮೇಲೇಳಲಿಲ್ಲ, ಹತ್ತು ತಂಡಗಳಲ್ಲಿ ಒಂಬತ್ತನೆಯದಾಗಿ ಮುಗಿಸಿತು. ಋತುವಿನ ನಡುವೆ ತಂಡ ವಹಿಸಿಕೊಂಡವನಿಗೆ ದಮ್ಮು ಕಟ್ಟಲು ಬರುವುದಿಲ್ಲ. ಬಿತ್ತುವ ಮೊದಲು ಹೊಲ ಹದ ಮಾಡಬೇಕು. ಬೆಳೆ ನಿಂತ ಹೊಲದಲ್ಲಿ ನೇಗಿಲು ಹೊಡೆಯಲಾಗದು. ಬೆಂಗಳೂರಿನಲ್ಲಿ ಅವರಿಗೆ ಲೀಗಿನ ಮೊದಲು ತಯಾರಿಯ ಕಾಲ ಸಿಕ್ಕಿತ್ತು, ಕೋಲ್ಕತ್ತದಲ್ಲಿ ಸಿಗಲಿಲ್ಲ. ಹೀಗಾಗಿ ಅವರ ಯಶಸ್ಸಿನಲ್ಲಿ ಕ್ಲಬ್ಬಿನ ತಾಳ್ಮೆಗೂ ಪಾಲಿದೆ ಎಂದು ನಾನು ಒಪ್ಪುತ್ತೇನೆ.

ಬೆಂಗಳೂರಿನ ಆಮೇಲಿನ ತಂಡಗಳ ಜೊತೆ ಹೋಲಿಸುವಾಗಲೂ ಎಚ್ಚರ ಬೇಕು. ತರಬೇತುದಾರ ಕಾರ್ಲೆಸ್ ಕ್ವಾಡ್ರಾಟ್ ಅವರ ತಂಡ 2019ರ ಐಎಸ್‌ಎಲ್ ಫೈನಲ್ಲನ್ನು ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ಗೋಲಿನಿಂದ ಗೆದ್ದಾಗ ನಾವು ದಮ್ಮಿನ ಗೆಲುವು ಎಂದು ಕುಣಿದೆವು. ಅಷ್ಟು ಹೊತ್ತಿಗೆ ಗೋವಾದವರು ಹತ್ತೇ ಮಂದಿ ಉಳಿದಿದ್ದರು ಎಂಬುದನ್ನು ಮರೆತೆವು. ಸೈಮನ್ ಗ್ರೇಸನ್ ತಂಡ 2022-23ರಲ್ಲಿ ಲೀಗಿನ ಕಡೆಯ ಎಂಟೂ ಪಂದ್ಯ ಗೆದ್ದಿತು. ಆದರೆ ಈಗ ಐದು ಬದಲಿ ಆಟಗಾರರನ್ನು ಇಳಿಸಬಹುದು. ವೆಸ್ಟ್‌ವುಡ್ ಕಾಲದಲ್ಲಿ ಮೂರೇ ಜನ. ಎಂಟು ಮಂದಿಯಾದರೂ ಪೂರ್ತಿ 90 ನಿಮಿಷ ಕಾಲೂರಿ ನಿಲ್ಲಬೇಕಿತ್ತು. ಆಗಿನ ದಮ್ಮಿಗೂ ಈಗಿನ ದಮ್ಮಿಗೂ ಒಂದೇ ಸೇರಿನಲ್ಲಿ ಅಳತೆ ಹಾಕಬಾರದು.

ನನ್ನ ಮನಸ್ಸನ್ನು ಒಪ್ಪಿಸಿದ್ದು ಮಾತ್ರ ಕಪ್ಪುಗಳಲ್ಲ, 2024ರ ಮಾರ್ಚ್ 26ರ ಗುವಾಹಟಿ. ವಿಶ್ವಕಪ್ ಅರ್ಹತಾ ಪಂದ್ಯ, ಛೆಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ. ಎದುರಿಗೆ ಅಫ್ಗಾನಿಸ್ತಾನ, ಅದರ ತರಬೇತುದಾರ ನಮ್ಮ ವೆಸ್ಟ್‌ವುಡ್. ವಿಶ್ವ ಶ್ರೇಯಾಂಕ ಪಟ್ಟಿಯಲ್ಲಿ ನಮಗಿಂತ ನಲವತ್ತು ಸ್ಥಾನದಷ್ಟು ಕೆಳಗಿದ್ದ ತಂಡ. ತಮ್ಮದೇ ಒಕ್ಕೂಟದ ಜೊತೆಗಿನ ಜಗಳದಿಂದ ಎಷ್ಟೋ ಹಿರಿಯ ಆಟಗಾರರು ಬಂದಿರಲಿಲ್ಲ. ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದ, ವಿರಾಮಕ್ಕೆ ಭಾರತ ಮುಂದೆ. 70ನೇ ನಿಮಿಷಕ್ಕೆ ರಹಮತ್ ಅಕ್ಬರಿ ಸಮ ಮಾಡಿದ. 88ನೇ ನಿಮಿಷಕ್ಕೆ ಷರೀಫ್ ಮುಖಮ್ಮದ್ ಪೆನಾಲ್ಟಿ. 1-2. ಮರುವರ್ಷ ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯ; ಆ ತಂಡಕ್ಕೂ ವೆಸ್ಟ್‌ವುಡ್ ತರಬೇತುದಾರ. 94ನೇ ನಿಮಿಷದ ಪೆನಾಲ್ಟಿಯಿಂದ ಭಾರತ 0-1ರಿಂದ ಸೋತಿತು. ಮೂರು ಗೋಲು, ಮೂರೂ ಎಪ್ಪತ್ತನೇ ನಿಮಿಷಕ್ಕೆ ಅಥವಾ ಅದರ ಆಚೆ. ಪೆನಾಲ್ಟಿ ಅದೃಷ್ಟ ಎನ್ನಬಹುದು. ಆದರೆ ಬಹಳ ಸಲ ಕಾವಲಿನವರು ತಡವಾಗಿ ತಲುಪಿದಾಗ ಪೆನಾಲ್ಟಿ ಹುಟ್ಟುತ್ತದೆ, ತಡವಾಗುವುದು ಎಷ್ಟೋ ಸಲ ದಣಿವಿನಿಂದ.

ವೆಸ್ಟ್‌ವುಡ್ ಕಾಲದ ಛೆಟ್ರಿಯನ್ನೇ ಇನ್ನೊಂದು ಸಾಕ್ಷಿಯಾಗಿ ನೋಡಿ. 2024-25ರ ಐಎಸ್‌ಎಲ್‌ನಲ್ಲಿ, ನಲವತ್ತು ತುಂಬಿದ ಮೇಲೆ, ಅವರು 14 ಗೋಲು ಹೊಡೆದರು. ಆ ಶಿಸ್ತು ಛೆಟ್ರಿಯ ಸ್ವಂತದ್ದು. ಅದರ ಪಾಲನ್ನು ಯಾವ ತರಬೇತುದಾರನಿಗೂ ಕೊಡಲಾರೆ. ಅಂಥ ಆಟಗಾರನ ಸುತ್ತ ಅದೇ ಶಿಸ್ತಿನ ಇಡೀ ತಂಡವನ್ನು ನಿಲ್ಲಿಸಿದ್ದು ವೆಸ್ಟ್‌ವುಡ್ ಮಾಡಿದ ಕೆಲಸ. ಹೀಗಾಗಿ ಈ ವಾದದಲ್ಲಿ ನನ್ನ ಮತ ರೋಣದ ಮಾಸ್ತರಿಗೆ.

ನಮ್ಮ ಮೂರೂರಿನ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ. ನಮ್ಮದು ಎರಿ ನೆಲ. ಮಳೆಗಾಲದಲ್ಲಿ ಬೂಟಿಗೆ ಮುದ್ದೆ ಮುದ್ದೆಯಾಗಿ ಹತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಉಳುಕಿಸುತ್ತದೆ. ಮೈದಾನದ ಒಂದು ಅಂಚಿಗಾದರೂ ಮಸಾರಿ ಮಣ್ಣು ಹಾಕಿಸಿ, ನೀರು ಹೊಡೆಸಿ ಗಟ್ಟಿ ಮಾಡಿಸಿ. 20 ಮೀಟರಿಗೆ ಎರಡು ಕಲ್ಲು ನೆಡಿ. ವಾರಕ್ಕೆ ಎರಡು ದಿನ ಹುಡುಗ-ಹುಡುಗಿಯರು ಚೆಂಡಿನ ಜೊತೆ ಆ ಕಲ್ಲಿನಿಂದ ಈ ಕಲ್ಲಿಗೆ ಓಡಲಿ, ನಡುವೆ ಹತ್ತು ಸೆಕೆಂಡು ಸುಧಾರಿಸಿಕೊಳ್ಳಲಿ. ಇದಕ್ಕೆ ಬೇಕಾದದ್ದು ಒಂದು ಸೀಟಿ, ಒಂದು ಗಡಿಯಾರ.