ಪೀಪಾಯಿಯೊಳಗಿನ ಮೂವರು

ಸಾಲ್ಟ್ ಲೇಕ್ ಎಂದರೆ ಇವತ್ತು ಐಟಿ ಕಚೇರಿಗಳು, ಮಾಲ್‌ಗಳು, ಅಚ್ಚುಕಟ್ಟಾಗಿ ಹಂಚಿದ ಬ್ಲಾಕುಗಳು. ಸೆಕ್ಟರ್ ಐದಕ್ಕೆ ಕೆಲಸಕ್ಕೆಂದು ಬಂದ ಕನ್ನಡಿಗರಿಗೂ ಆ ಊರಿನ ಪರಿಚಯ ಇಷ್ಟೇ. 1971ರಲ್ಲಿ ಅದು ಜೌಗು ತುಂಬಿ ಎತ್ತರಿಸಿದ ಮರಳು ಬಯಲು. ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸಿಕೊಳ್ಳಲು ಗಡಿ ದಾಟಿದ ಸುಮಾರು ಒಂದು ಕೋಟಿ ಜನರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಆ ಬಯಲಿನಲ್ಲಿ ಬಿಡಾರ ಹೂಡಿದ್ದರು. ಚರಂಡಿಗೆಂದು ತಂದಿಟ್ಟ ಸಿಮೆಂಟ್ ಪೈಪುಗಳೊಳಗೇ ಸಂಸಾರ ಹೂಡಿದವರ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಆ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ ಬಂಗಾಳದ ಶಿಬಿರಗಳನ್ನು ನೋಡಿಹೋದರು. ಆ ಜನ ನಡೆದು ಬಂದ ಜೆಸ್ಸೋರ್ ರಸ್ತೆಯ ಕಡೆಗೇ ಹೋದರೆ, ಗಡಿಯಂಚಿನ ಬೊಯ್ರಾದ ಆಚೆ ಗರೀಬ್‌ಪುರ ಎಂಬ ಹಳ್ಳಿ. ನವೆಂಬರ್ 21ರ ಬೆಳಿಗ್ಗೆ, ಭಾರತ-ಪಾಕಿಸ್ತಾನ ಯುದ್ಧ ಅಧಿಕೃತವಾಗಿ ಶುರುವಾಗಲು ಇನ್ನೂ ಹನ್ನೆರಡು ದಿನ ಇರುವಾಗ, ಅಲ್ಲಿ ಟ್ಯಾಂಕುಗಳು ಮುಖಾಮುಖಿಯಾದವು.

‘ಪಿಪ್ಪಾ’ ಆ ಬೆಳಗಿನ ಕಥೆ. ರಾಜಾ ಕೃಷ್ಣ ಮೆನನ್ ನಿರ್ದೇಶನ, ಇಶಾನ್ ಖಟ್ಟರ್ ನಾಯಕ. 2023ರ ನವೆಂಬರ್ 10ರಂದು ಚಿತ್ರ ಥಿಯೇಟರಿಗೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂತು. 45 ಕ್ಯಾವಲ್ರಿಯ ಅಧಿಕಾರಿ ಬಲರಾಮ್ ಸಿಂಗ್ ಮೆಹ್ತಾ ಬರೆದ ‘ದಿ ಬರ್ನಿಂಗ್ ಚಾಫೀಸ್’ ಅದರ ಮೂಲ. ಚಿತ್ರಕ್ಕೆ ಸಿಕ್ಕ ಹೊಗಳಿಕೆಯ ಮುಖ್ಯ ಆಧಾರ ಒಂದೇ: ಪರದೆಯ ಮೇಲಿರುವ ಪಿಟಿ-76 ನಿಜವಾದದ್ದು. ಕಂಪ್ಯೂಟರಿನಲ್ಲಿ ಬಿಡಿಸಿದ್ದಲ್ಲ, ಬೇರೆ ಟ್ಯಾಂಕಿಗೆ ಬಣ್ಣ ಬಳಿದದ್ದೂ ಅಲ್ಲ. ಇದು ನಿಜ, ಚಿತ್ರತಂಡದ ಶ್ರಮವೂ ದೊಡ್ಡದು. ಆದರೆ ಕಬ್ಬಿಣ ನಿಜವಾದ ಮಾತ್ರಕ್ಕೆ ಸಿನಿಮಾ ಚರಿತ್ರೆಗೆ ನಿಷ್ಠವಾಯಿತು ಎಂಬ ತೀರ್ಮಾನವನ್ನು ಒಪ್ಪಲು ಸಾಧ್ಯವಿಲ್ಲ. ಆ ಕಬ್ಬಿಣದೊಳಗೆ ಕೂತವರು ಏನು ಮಾಡುತ್ತಿದ್ದರು ಎಂಬುದನ್ನು ಚಿತ್ರ ಹೇಳಲೇ ಇಲ್ಲ.

ಹೆಸರಿನಿಂದಲೇ ಶುರುಮಾಡಬಹುದು. ಪಂಜಾಬಿ ಸೈನಿಕರು ಈ ಟ್ಯಾಂಕನ್ನು ತುಪ್ಪದ ಖಾಲಿ ಡಬ್ಬಕ್ಕೆ ಹೋಲಿಸಿ ‘ಪಿಪ್ಪಾ’ ಎಂದರು. ಪೋರ್ಚುಗೀಸರ ‘ಪೀಪಾ’ದಿಂದ ಬಂದ ಪದ, ನಮ್ಮ ಸೀಮೆಎಣ್ಣೆ ಪೀಪಾಯಿಯ ಒಡಹುಟ್ಟು. ಖಾಲಿ ಡಬ್ಬ ನೀರಿನಲ್ಲಿ ತೇಲುತ್ತದೆ, ಹದಿನಾಲ್ಕು ಟನ್ನಿನ ಈ ಸೋವಿಯತ್ ಟ್ಯಾಂಕೂ ತೇಲುತ್ತದೆ. ಮುಂದಿನ ತಡೆಹಲಗೆ ಎತ್ತಿ, ನೀರು ಹೊರಹಾಕುವ ಪಂಪು ಚಾಲೂ ಮಾಡಿ ಹೊಳೆಗಿಳಿದರೆ ಹಿಂದಿನ ಎರಡು ಕೊಳವೆಗಳಿಂದ ನೀರು ಚಿಮ್ಮಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಹೊಳೆ ಹಳ್ಳಗಳ ಬಂಗಾಳಕ್ಕೆ ಇದಕ್ಕಿಂತ ತಕ್ಕ ಯಂತ್ರವಿರಲಿಲ್ಲ. ತೇಲಬೇಕೆಂದರೆ ಹಗುರಾಗಿರಬೇಕು, ಹಗುರಾಗಿರಬೇಕೆಂದರೆ ತಗಡು ತೆಳುವಾಗಿರಬೇಕು. ಅದರ ಕವಚ ಅತಿ ದಪ್ಪವಿರುವ ಕಡೆಯಲ್ಲೂ ಹೆಬ್ಬೆರಳಿನ ಅಗಲ ಮೀರುವುದಿಲ್ಲ. ಡಬ್ಬ ಎಂಬ ಹೆಸರಿನಲ್ಲಿ ಅಕ್ಕರೆಯ ಜೊತೆಗೆ ಈ ಭಯವೂ ಇದೆ. ಚಿತ್ರ ಅಕ್ಕರೆಯನ್ನಷ್ಟೇ ಎತ್ತಿಕೊಂಡಿತು. ಮೊದಲಲ್ಲೇ ನಾಯಕ ಮೇಲಧಿಕಾರಿಯ ಮಾತು ಮೀರಿ ಟ್ಯಾಂಕನ್ನು ಆಳದ ನೀರಿಗೆ ಇಳಿಸುತ್ತಾನೆ, ಶಿಕ್ಷೆಯಾಗಿ ದಿಲ್ಲಿಯ ಮೇಜಿಗೆ ಹೋಗುತ್ತಾನೆ. ತೇಲುವುದು ಅಲ್ಲಿ ತುಂಟತನ, ಸಾಹಸ. ಅದಕ್ಕಾಗಿ ಯಂತ್ರ ತೆತ್ತ ಬೆಲೆಯ ನೆನಪನ್ನು ಚಿತ್ರ ಆಮೇಲೂ ನೋಡುಗನಲ್ಲಿ ಗಟ್ಟಿಯಾಗಿ ಉಳಿಸುವುದಿಲ್ಲ.

ಇನ್ನು ಗರೀಬ್‌ಪುರ. ಹಿಂದಿನ ರಾತ್ರಿ 14 ಪಂಜಾಬ್ ಕಾಲ್ದಳದ ಜೊತೆ 45 ಕ್ಯಾವಲ್ರಿಯ ಸಿ ಸ್ಕ್ವಾಡ್ರನ್‌ನ ಹದಿನಾಲ್ಕು ಪಿಟಿ-76ಗಳು ಒಳನುಗ್ಗಿ ನೆಲೆ ಹಿಡಿದಿದ್ದವು. ಬೆಳಗಾದಾಗ ದಟ್ಟ ಮಂಜು. ಆ ಮಂಜಿನೊಳಗಿಂದ ಪಾಕಿಸ್ತಾನದ ಎಂ-24 ಚಾಫೀ ಟ್ಯಾಂಕುಗಳು ಬಂದವು. ಸಿ ಸ್ಕ್ವಾಡ್ರನ್‌ನ ನಾಯಕ ಮೇಜರ್ ದಲ್ಜಿತ್ ಸಿಂಗ್ ನಾರಗ್ ಟ್ಯಾಂಕಿನ ಬಾಗಿಲಿನಿಂದ ಮೈ ಹೊರಚಾಚಿ ನಿಂತು ಆದೇಶ ಕೊಡುತ್ತಿದ್ದಾಗ ಮೆಷಿನ್‌ಗನ್ ಗುಂಡು ತಗುಲಿ ತೀರಿಕೊಂಡರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಕ್ಯಾಪ್ಟನ್ ಮೆಹ್ತಾ ಹೊಣೆ ವಹಿಸಿಕೊಂಡರು. ಭಾರತದ ಲೆಕ್ಕದಂತೆ ಹದಿನಾಲ್ಕು ಚಾಫೀಗಳಲ್ಲಿ ಹನ್ನೊಂದು ನಾಶವಾದವು, ಮೂರು ಕೈಗೆ ಸಿಕ್ಕವು.

ಒಬ್ಬ ಮೇಜರ್ ಯಾಕೆ ಗುಂಡಿನ ಮಳೆಯಲ್ಲಿ ಮೈ ಹೊರಗೆ ಹಾಕಿ ನಿಂತರು? ವೀರಯೋಧ, ಅದಕ್ಕೇ ನಿಂತರು ಎನ್ನುವುದು ಸಿನಿಮಾದ ಉತ್ತರ. ಅದು ಸುಳ್ಳಲ್ಲ, ಅರ್ಧ ಉತ್ತರ. ಉಳಿದರ್ಧ ಯಂತ್ರದ ಒಳರಚನೆಯಲ್ಲಿದೆ. ಪಿಟಿ-76ರಲ್ಲಿ ಇರುವುದು ಮೂವರೇ. ಮುಂದೆ ನಡುವಿನಲ್ಲಿ ಡ್ರೈವರ್. ಮೇಲೆ ಟರೆಟ್‌ನಲ್ಲಿ, ಅಂದರೆ ತಿರುಗುವ ತಲೆಯಲ್ಲಿ, ಬಲಕ್ಕೆ ಗುಂಡು ತುಂಬುವವ, ಎಡಕ್ಕೆ ಕಮಾಂಡರ್. ದೊಡ್ಡ ಟ್ಯಾಂಕುಗಳಲ್ಲಿ ಫಿರಂಗಿಗೆ ಗುರಿ ಹಿಡಿಯಲು ಪ್ರತ್ಯೇಕ ಗನ್ನರ್ ಇರುತ್ತಾನೆ. ಇಲ್ಲಿ ಆ ಕೆಲಸವೂ ಕಮಾಂಡರನದೇ, ರೇಡಿಯೊ ಕೂಡ ಅವನದೇ. ಹೊರಗೆ ನೋಡಬೇಕೆಂದು ತಲೆ ಎತ್ತಿದರೆ ಫಿರಂಗಿಯ ಕಣ್ಣು ಕುರುಡು. ಗುರಿ ಹಿಡಿಯಲು ದೂರದರ್ಶಕಕ್ಕೆ ಕಣ್ಣಿಟ್ಟರೆ ಇಡೀ ಟ್ಯಾಂಕು ಕುರುಡು. ಮಂಜಿನಲ್ಲಿ ದೂರದರ್ಶಕದೊಳಗೆ ಬಿಳುಪು ಬಿಟ್ಟು ಬೇರೇನಿದ್ದೀತು? ಸ್ಕ್ವಾಡ್ರನ್ ನಾಯಕನಿಗೆ ಇವೆಲ್ಲದರ ಮೇಲೆ ಇನ್ನೂ ಹದಿಮೂರು ಟ್ಯಾಂಕುಗಳು: ಯಾರು ಎಲ್ಲಿದ್ದಾರೆ, ಯಾರು ಮುಂದೆ ಹೋಗಬೇಕು, ಮಂಜಿನಲ್ಲಿ ಕಂಡ ಆಕಾರ ನಮ್ಮದೋ ಅವರದೋ. ನಾಲ್ಕು ಜನ ಮಾಡುವ ಕೆಲಸವನ್ನು ನಾರಗ್ ಒಬ್ಬರೇ ಮಾಡುತ್ತಿದ್ದರು. ಅವುಗಳಲ್ಲಿ ಎರಡಕ್ಕೆ ತಲೆ ಹೊರಗಿರಲೇಬೇಕಿತ್ತು.

ಇದು ತೆರೆಯ ಮೇಲೆ ಬರಬೇಕಿದ್ದ ನಾಟಕ. ಮೇಲೇಳು, ನೋಡು, ಕೂಗು, ಕೆಳಗಿಳಿ, ಗುರಿ ಹಿಡಿ, ಹೊಡೆ, ಮತ್ತೆ ಮೇಲೇಳು. ಪಕ್ಕದವನ ಕೈಯಲ್ಲಿ ಮುಂದಿನ ಗುಂಡು, ಮೊಣಕೈ ಆಡಿಸಲು ಜಾಗವಿಲ್ಲದ ಗೂಡು, ಹೊಡೆದ ಮೇಲೆ ಕಾದ ಹಿತ್ತಾಳೆಯ ಕೋಶ ಕಾಲಬುಡಕ್ಕೆ ಉರುಳುವ ಸದ್ದು, ಮದ್ದಿನ ಹೊಗೆಗೆ ಉರಿಯುವ ಕಣ್ಣು. ಈ ಏರಿಳಿತವನ್ನು ಎರಡು ನಿಮಿಷ ಬಿಡದೆ ತೋರಿಸಿದ್ದರೆ ನಾರಗ್ ಅವರ ಸಾವು ಎದೆಗೆ ನೇರವಾಗಿ ನಾಟುತ್ತಿತ್ತು. ‘ಪಿಪ್ಪಾ’ದ ಕೊನೆಯ ಕಾಳಗದಲ್ಲಿ ಕ್ಯಾಮೆರಾ ಒಳಗೆ ಕೂರುತ್ತದೆ, ಆದರೆ ಹೆಚ್ಚು ಹೊತ್ತು ಕೂರುವ ತಾಳ್ಮೆ ಅದಕ್ಕಿಲ್ಲ. ಹೊರಗೆ ಹಾರಿ, ಮೇಲಿನಿಂದ, ಪಕ್ಕದಿಂದ, ಶತ್ರುವಿನ ಕಡೆಯಿಂದ ಎಲ್ಲವನ್ನೂ ಕಾಣಿಸಿಬಿಡುತ್ತದೆ. ಒಳಗಿದ್ದ ಮೂವರಿಗೆ ಏನೂ ಕಾಣುತ್ತಿರಲಿಲ್ಲ, ನೋಡುಗನಿಗೆ ಎಲ್ಲವೂ ಕಾಣುತ್ತದೆ. ಅಲ್ಲಿಗೆ ಗರೀಬ್‌ಪುರದ ಸತ್ಯ ಕೈತಪ್ಪಿತು. ನಾಯಕನಟ ಬಾಗಿಲಿನಿಂದ ಮೈ ಹೊರಚಾಚಿ ನಿಲ್ಲುವುದಂತೂ ಯುದ್ಧಚಿತ್ರಗಳ ಹಳೆಯ ರೂಢಿ, ಮುಖ ಕಾಣಬೇಕಲ್ಲ. ಇಲ್ಲಿ ಆ ರೂಢಿಗೆ ಚರಿತ್ರೆಯ ಸಮರ್ಥನೆಯೂ ಇತ್ತು, ಅದೂ ದಂಡವಾಯಿತು. ಚಿತ್ರ ಮುಗಿದ ಮೇಲೆ ಡ್ರೈವರನ ಹೆಸರು ಎಷ್ಟು ಜನರ ನೆನಪಿನಲ್ಲಿ ಉಳಿಯಿತು?

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ: ಇದು ಮನರಂಜನೆ, ಪಾಠವಲ್ಲ; ಜನಕ್ಕೆ ಭಾವನೆ ಬೇಕು. ಹಾಗಾಗಿಯೇ ಚಿತ್ರ ಒಂದು ಮನೆಯ ಮೂವರು ಒಡಹುಟ್ಟಿದವರನ್ನು ಮೂರು ದಿಕ್ಕಿಗೆ ಹಂಚುತ್ತದೆ. ತಮ್ಮ ಟ್ಯಾಂಕಿನಲ್ಲಿ, ಅಣ್ಣ ಶತ್ರುವಿನ ನೆಲದಲ್ಲಿ, ಸೋದರಿ ರಾಧಾ ದಿಲ್ಲಿಯಲ್ಲಿ ಸಂಕೇತಲಿಪಿ ಬಿಡಿಸುತ್ತಾ. ಮೃಣಾಲ್ ಠಾಕೂರ್ ಮತ್ತು ಪ್ರಿಯಾಂಶು ಪೈನ್ಯುಲಿ ಚೆನ್ನಾಗಿಯೇ ನಟಿಸಿದ್ದಾರೆ. ಆದರೆ ರಕ್ತಸಂಬಂಧ ಹೊರಗಿನಿಂದ ತರಬೇಕಾದ ಅಗತ್ಯವೇನಿತ್ತು? ಆ ಡಬ್ಬದೊಳಗೇ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಮೂವರಿದ್ದರು. ವಾಸ್ತವ ಒಂದು ತಕ್ಕಡಿಯಲ್ಲಿ, ರಂಜನೆ ಇನ್ನೊಂದರಲ್ಲಿ ಎಂದು ತೂಗುವವರು ಟ್ಯಾಂಕ್ ಸಿನಿಮಾಗಳನ್ನು ಸರಿಯಾಗಿ ನೋಡಿಲ್ಲ. ಈ ಜಾತಿಯ ಚಿತ್ರದಲ್ಲಿ ರೋಮಾಂಚನ ಹುಟ್ಟುವುದೇ ಕೆಲಸದಿಂದ.

ಇಸ್ರೇಲಿನ ಸ್ಯಾಮುಯೆಲ್ ಮಾವೋಜ್ ಅದನ್ನು ತೋರಿಸಿಕೊಟ್ಟರು. 1982ರ ಯುದ್ಧದಲ್ಲಿ ಸ್ವತಃ ಗನ್ನರ್ ಆಗಿದ್ದ ಅವರ ‘ಲೆಬನಾನ್’ಗೆ 2009ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್ ಬಂತು. ಒಳಭಾಗವೆಲ್ಲ ಕಟ್ಟಿದ ಸೆಟ್ಟು. ಆದರೆ ಹೆಚ್ಚುಕಡಿಮೆ ಇಡೀ ಚಿತ್ರ ಗುರಿಗಾಜಿನೊಳಗಿಂದ ಮಾತ್ರ ಲೋಕವನ್ನು ನೋಡುತ್ತದೆ. ಆಚೆ ಏನಿದೆ ಎಂದು ಒಳಗಿನ ನಾಲ್ವರಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ. ಅದರ ಪಕ್ಕದಲ್ಲಿ 2014ರ ‘ಫ್ಯೂರಿ’ ಇಡಿ. ಡೇವಿಡ್ ಆಯರ್ ಬೋವಿಂಗ್ಟನ್ ಸಂಗ್ರಹಾಲಯದಿಂದ ನಿಜವಾದ ಜರ್ಮನ್ ಟ್ಯಾಂಕು ಟೈಗರ್ 131 ತರಿಸಿದರು. ಆ ನಿಜವಾದ ಟೈಗರ್ ಮರೆಯಲ್ಲಿ ನಿಂತು ದೂರದಿಂದಲೇ ಹೊಡೆಯುವ ಅನುಕೂಲ ಬಿಟ್ಟು ಬಯಲಿಗೆ ಬರುತ್ತದೆ, ಕೆಟ್ಟು ನಿಂತ ಒಂದೇ ಶರ್ಮನ್ ಕೊನೆಗೆ ನೂರಾರು ಜರ್ಮನರನ್ನು ತಡೆಯುತ್ತದೆ. ಯಂತ್ರ ಅಪ್ಪಟ, ವರ್ತನೆ ಸುಳ್ಳು. ‘ಬ್ಯಾಟಲ್ ಆಫ್ ದಿ ಬಲ್ಜ್’ (1965) ಅಮೆರಿಕದ ಪ್ಯಾಟನ್‌ಗಳನ್ನೇ ಜರ್ಮನ್ ಟೈಗರ್ ಎಂದು ಓಡಿಸಿತು ಎಂದು ದೂರುವವರು ಇಂದಿಗೂ ಇದ್ದಾರೆ. ನಟ್ಟು ಬೋಲ್ಟು ಎಣಿಸುವ ಈ ವಿಮರ್ಶಕರ ಶ್ರದ್ಧೆಗೆ ಗೌರವ ಕೊಡಬೇಕು. ಆದರೆ ಯಂತ್ರ ಅಸಲಿಯೇ ಎಂಬ ಅವರ ಮೊದಲ ಪ್ರಶ್ನೆಯೇ ಕೊನೆಯ ಪ್ರಶ್ನೆಯಾಗಿ ಉಳಿಯುತ್ತದೆ. ‘ಪಿಪ್ಪಾ’ಕ್ಕೆ ಸುಲಭದ ಮೆಚ್ಚುಗೆ ಸಿಕ್ಕಿದ್ದೂ ಇದರಿಂದಲೇ.

ನಮ್ಮ ಕಡೆಯ ಅಳತೆಗೋಲು ಇನ್ನೂ ಸಡಿಲ. ಜೆ. ಪಿ. ದತ್ತಾ ಅವರ ‘ಬಾರ್ಡರ್’ (1997) ಲೋಂಗೆವಾಲಾದಲ್ಲಿ ನಮ್ಮ ಯೋಧರು ಸಾಲುಸಾಲಾಗಿ ಬೀಳುವುದನ್ನು ತೋರಿಸಿತು; ವಾಸ್ತವದಲ್ಲಿ ಅಲ್ಲಿ ತೀರಿಕೊಂಡವರು ಇಬ್ಬರು. ಆ ಚಿತ್ರದ ಟ್ಯಾಂಕುಗಳೊಳಗೆ ಮನುಷ್ಯರೇ ಇಲ್ಲ, ಅವು ಉರಿಯಲೆಂದೇ ಬರುವ ಗುರಿಗಳು. ಅದಕ್ಕೆ ಹೋಲಿಸಿದರೆ ‘ಪಿಪ್ಪಾ’ ಎಷ್ಟೋ ಮೇಲು. ಈ ಮಾತನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ.

‘ಪಿಪ್ಪಾ’ ಬಂದ ನವೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ನಡೆದ ಜಗಳವೇ ಬೇರೆ. ಕಾಜಿ ನಜ್ರುಲ್ ಇಸ್ಲಾಂ ಅವರ ‘ಕಾರಾರ್ ಓಯ್ ಲೌಹ ಕಪಾಟ್’ ಗೀತೆಗೆ ಎ. ಆರ್. ರೆಹಮಾನ್ ಈ ಚಿತ್ರಕ್ಕಾಗಿ ಹೊಸ ಧಾಟಿ ಹಾಕಿದ್ದರು. ಕವಿಯ ಕುಟುಂಬದವರಿಂದ ಹಿಡಿದು ಗಾಯಕರವರೆಗೆ ಎಲ್ಲರೂ ನೊಂದರು. ನಿರ್ಮಾಪಕರು, ಹಕ್ಕುಗಳನ್ನು ಕ್ರಮವಾಗಿಯೇ ಪಡೆದಿದ್ದೇವೆ ಎಂದರು, ನೋವಾಗಿದ್ದರೆ ಕ್ಷಮೆಯಿರಲಿ ಎಂದೂ ಕೇಳಿದರು. ಇದೆಲ್ಲ ಸಿನಿಮಾಕ್ಕೆ ಸಂಬಂಧಪಡದ ಭಾವುಕತೆ ಎಂದು ಹೊರಗಿನ ಕೆಲವರು ತಳ್ಳಿಹಾಕಿದರು. ಅದು ತಪ್ಪು. ಜಹೀರ್ ರೈಹಾನ್ 1970ರ ‘ಜೀಬನ್ ಥೇಕೆ ನೇಯಾ’ ಚಿತ್ರದಲ್ಲಿ ಬಳಸಿದ ಹಾಡು ಅದು, 1971ರ ಜನ ಅದನ್ನು ಒಂದು ಖಚಿತ ಧಾಟಿಯಲ್ಲಿ, ಒಂದು ಖಚಿತ ಸಿಟ್ಟಿನಲ್ಲಿ ಹಾಡಿದ್ದರು. ಆ ವರ್ಷದ ಕಥೆ ಹೇಳುವ ಚಿತ್ರಕ್ಕೆ ಆ ಧಾಟಿಯೂ ಚಾರಿತ್ರಿಕ ವಸ್ತು, ಪಿಟಿ-76ರಷ್ಟೇ. ಟ್ಯಾಂಕಿನ ಬಣ್ಣ ತಪ್ಪಬಾರದು ಎಂದು ಕಾಳಜಿ ಮಾಡಿದವರು ಹಾಡಿನ ವಿಷಯದಲ್ಲಿ ಅದೇ ಕಾಳಜಿ ತೋರಲಿಲ್ಲ. ಹಕ್ಕುಪತ್ರ ಅಸಲಿ, ಹಾಡಿನ ಉಸಿರು ಬೇರೆ. ಟ್ಯಾಂಕಿನ ವಿಷಯದಲ್ಲೂ ಆದದ್ದು ಇದೇ.

ಬಂಗಾಳದ ವಿಮರ್ಶಕರ ಮೇಲೂ ಒಂದು ಆಕ್ಷೇಪವಿದೆ. ಹಾಡಿನ ಬಗ್ಗೆ ಇಷ್ಟು ನಿಖರವಾಗಿದ್ದವರು ಕಾಳಗದ ಬಗ್ಗೆ ಒಂದು ಪ್ರಶ್ನೆಯನ್ನೂ ಜೋರಾಗಿ ಕೇಳಲಿಲ್ಲ. ಬೊಯ್ರಾ ದೂರದ ಊರಲ್ಲ. ಸಾಲ್ಟ್ ಲೇಕ್ ಇರುವ ಉತ್ತರ 24 ಪರಗಣ ಜಿಲ್ಲೆಯಲ್ಲೇ ಇದೆ. ಗರೀಬ್‌ಪುರದ ಮರುದಿನ ಅದೇ ಆಕಾಶದಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಎದುರಿಸಿದ ನಾಲ್ಕು ನ್ಯಾಟ್ ವಿಮಾನಗಳು ಎದ್ದದ್ದು ಸಾಲ್ಟ್ ಲೇಕ್‌ನ ಮಗ್ಗುಲಿನ ದಂದಂನಿಂದ. ಅವುಗಳಲ್ಲೊಂದನ್ನು ಹಾರಿಸಿದವರು ಕೊಡವ ಮನೆತನದ ಎಂ. ಎ. ಗಣಪತಿ. ಮನೆಯಂಗಳದ ಚರಿತ್ರೆ ಇದು, ಅದನ್ನು ಅಷ್ಟೇ ಕಟ್ಟುನಿಟ್ಟಾಗಿ ಕೇಳುವ ಹಕ್ಕು ಬಂಗಾಳದ ವಿಮರ್ಶಕರಿಗಿತ್ತು.

ಮೆಹ್ತಾ ತಮ್ಮ ಪುಸ್ತಕಕ್ಕೆ ತಮ್ಮ ಟ್ಯಾಂಕಿನ ಹೆಸರಿಡಲಿಲ್ಲ. ಎದುರಿಗೆ ಉರಿಯುತ್ತಿದ್ದ ಚಾಫೀಗಳ ಹೆಸರಿಟ್ಟರು. ಚಾಫೀ ಪಿಟಿ-76ಗಿಂತ ಹಳೆಯದು, ಎರಡನೆಯ ಮಹಾಯುದ್ಧದ ಕಾಲದ್ದು. ಒಳಗೆ ನಾಲ್ಕೈದು ಜನ ಕೂರುತ್ತಿದ್ದರು. ಒಂದು ಟ್ಯಾಂಕಿನಲ್ಲಿ ಕೂತು ಇನ್ನೊಂದು ಟ್ಯಾಂಕು ಉರಿಯುವುದನ್ನು ನೋಡುವವನಿಗೆ ಆ ಬೆಂಕಿಯೊಳಗೆ ಡ್ರೈವರ್ ಎಲ್ಲಿ ಕೂತಿದ್ದಾನೆ, ಬಾಗಿಲು ಎಷ್ಟು ಕಿರಿದು, ಹೊರಬರಲು ಎಷ್ಟು ಕ್ಷಣ ಬೇಕು ಎಲ್ಲವೂ ಗೊತ್ತು. ಆ ತಿಳಿವಳಿಕೆ ಪುಸ್ತಕದ ಹೆಸರಿನಲ್ಲೇ ಇತ್ತು. ಸಿನಿಮಾ ಹೆಸರು ಬದಲಿಸಿತು, ಚಾಫೀಗಳು ದೂರದಲ್ಲಿ ಸಿಡಿಯುವ ಆಕಾರಗಳಾಗಿ ಉಳಿದವು.