ತಿರುವುಮುರುವಾಗಿ ಓದಿದ ಕಾಡು

ಪಶ್ಚಿಮ ಆಫ್ರಿಕಾದ ಗಿನಿ ದೇಶದ ಕಿಸಿಡುಗು ಸೀಮೆಯಲ್ಲಿ ಕಣ್ಣು ಹಾಯುವವರೆಗೂ ಹುಲ್ಲುಬಯಲು. ನಡುನಡುವೆ ದ್ವೀಪದಂತೆ ದಟ್ಟ ಕಾಡು, ಅದರೊಳಗೆ ಊರು. 1890ರ ದಶಕದಲ್ಲಿ ಇಲ್ಲಿ ಕಾಲೂರಿದ ಫ್ರೆಂಚರು ನೋಡಿದ ಕೂಡಲೇ ತೀರ್ಪು ಕೊಟ್ಟರು: ಹಿಂದೆ ಎಲ್ಲೆಲ್ಲೂ ಕಾಡಿತ್ತು, ಇಲ್ಲಿನ ಹಳ್ಳಿಗರು ಸುಟ್ಟು ಕಳೆದರು, ಅಳಿದುಳಿದದ್ದು ಇಷ್ಟು. ಆಗಸ್ಟ್ ಶೆವಾಲಿಯೆಯಂಥ ಸಸ್ಯವಿಜ್ಞಾನಿಗಳು ಅದಕ್ಕೆ ಮುದ್ರೆ ಒತ್ತಿದರು. ಬೆಂಕಿ ಹಾಕುವುದು ಅಪರಾಧವಾಯಿತು.

ಜೇಮ್ಸ್ ಫೇರ್‌ಹೆಡ್ ಮತ್ತು ಮೆಲಿಸಾ ಲೀಚ್ ಅವರ ‘ಮಿಸ್‌ರೀಡಿಂಗ್ ದಿ ಆಫ್ರಿಕನ್ ಲ್ಯಾಂಡ್‌ಸ್ಕೇಪ್’ (1996) ಈ ತೀರ್ಪನ್ನೇ ಬುಡಮೇಲು ಮಾಡಿದ ಕೃತಿ. 1952ರ ವಿಮಾನಚಿತ್ರಗಳನ್ನು ನಾಲ್ಕು ದಶಕ ಈಚಿನ ಉಪಗ್ರಹಚಿತ್ರಗಳ ಪಕ್ಕ ಇಟ್ಟರೆ, ಹಲವೆಡೆ ಕಾಡು ಹೆಚ್ಚಿದೆ. ಪುಸ್ತಕಕ್ಕೆ ಹೆಸರು ತಂದದ್ದು ಈ ಪುರಾವೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಕಾಡು ಹುಟ್ಟಿದ ಬಗೆಯ ವಿವರ. ಊರಂಚಿನಲ್ಲಿ ದನ ಮೇಯುತ್ತವೆ, ಸೂರಿಗೆಂದು ಹುಲ್ಲು ಕೊಯ್ಯುತ್ತಾರೆ, ಬೆಂಕಿಗೆ ಮೇವಿಲ್ಲ. ಹೆಂಗಸರು ಏರುಮಡಿ ಮಾಡಿ ತರಕಾರಿ ಬೆಳೆದ ಮಣ್ಣು ಹದವಾಗುತ್ತದೆ, ಪಾಳು ಬಿಟ್ಟ ಮೇಲೆ ಅಲ್ಲಿ ಗಿಡಮರ ಬೇರೂರುತ್ತವೆ. ಹಿಂದಿನ ಯುದ್ಧಗಳ ಕಾಲದಲ್ಲಿ ಕೋಟೆಗೆಂದು ನೆಟ್ಟ ಬೂರುಗ ಆಮೇಲೆ ಕಾಫಿಗೆ ನೆರಳಾಯಿತು. ಯಾರೂ ‘ಸಂರಕ್ಷಣೆ’ಗೆಂದು ಹೊರಟವರಲ್ಲ, ಬದುಕಿದ ರೀತಿಯೇ ಕಾಡು ಬೆಳೆಸಿತು. ಹುಲ್ಲು ಪೂರ್ತಿ ಒಣಗುವ ಮುಂಚೆಯೇ ಊರ ಸುತ್ತ ಸುಟ್ಟು ದೊಡ್ಡ ಕಿಚ್ಚನ್ನು ತಡೆಯುವ ಜಾಣತನವನ್ನು ಬೆಂಕಿಯ ಮೇಲಿನ ನಿಷೇಧ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1958ರಲ್ಲಿ ಫ್ರೆಂಚರು ಹೋದರೂ ಅವರ ಓದು ಹೋಗಲಿಲ್ಲ. ಸ್ವತಂತ್ರ ಗಿನಿಯ ಅಧ್ಯಕ್ಷ ಸೇಕು ಟೂರೆಯ ಆಳ್ವಿಕೆಯಲ್ಲಂತೂ 1970ರ ದಶಕದಲ್ಲಿ ಬೆಂಕಿ ಹಾಕಿದವರಿಗೆ ಮರಣದಂಡನೆಯ ಬೆದರಿಕೆ!

ಕೃತಿಯ ಕೊರತೆ ಅದರ ಅಳತೆಗೋಲಿನಲ್ಲಿದೆ. ಹಳ್ಳಿಗರು ಸರಿ ಎಂದು ತೋರಿಸಲು ಲೇಖಕರು ಮೊರೆಹೋಗುವುದು ಮರ ಹೆಚ್ಚಿತೇ ಎಂಬ ಅರಣ್ಯಾಧಿಕಾರಿಯ ಪ್ರಶ್ನೆಗೇ. ಮರ ಕಡಿಮೆಯಾಗಿದ್ದರೆ ಹಳ್ಳಿಗರ ತಿಳಿವು ಸುಳ್ಳಾಗುತ್ತಿತ್ತೇ? ಕಾಡು ಬೆಳೆಸಿದ್ದು ತಾವೇ ಎಂದು ಊರ ಮುದುಕರು ಹೇಳುತ್ತಲೇ ಬಂದ ಮಾತನ್ನು ನಂಬಲು ಆಕಾಶದಿಂದ ತೆಗೆದ ಚಿತ್ರ ಬೇಕಾಯಿತು ಎಂಬುದೂ ಇರುಸುಮುರುಸಿನ ಸಂಗತಿ. 1998ರ ಇನ್ನೊಂದು ಕೃತಿಯಲ್ಲಿ ಇವರು ಇದೇ ವಾದವನ್ನು ಪಶ್ಚಿಮ ಆಫ್ರಿಕಾದ ಆರು ದೇಶಗಳಿಗೆ ಹಿಗ್ಗಿಸಿ, ಅರಣ್ಯನಾಶದ ಲೆಕ್ಕಗಳನ್ನು ಉಬ್ಬಿಸಲಾಗಿದೆ ಎಂದರು. ಅಲ್ಲಿ ನಾನು ತುಸು ಹಿಂದೆ ಸರಿಯುತ್ತೇನೆ. ಕಾಡೂ ಬಯಲೂ ಕೂಡುವ ಕಿಸಿಡುಗುವಿನ ಪಾಠ ದಕ್ಷಿಣ ಐವರಿ ಕೋಸ್ಟ್‌ಗೆ ಸುಲಭವಾಗಿ ಹೊಂದದು. ಅಲ್ಲಿ ಮರದ ವ್ಯಾಪಾರ ಮತ್ತು ಕೋಕೋ ತೋಟಗಳು ಮಳೆಕಾಡನ್ನು ನಿಜಕ್ಕೂ ನುಂಗಿದವು.